ಕ್ಯಾನ್ಸರ್ ಮರಳಿ ಬಂದರೆ ಚಿಕಿತ್ಸೆಯ ಹಣ ಎಲ್ಲಿಂದ?

ವಾಸಿಯಾಯಿತು ಎಂದುಕೊಂಡ ಕ್ಯಾನ್ಸರ್ ಕೆಲವರಲ್ಲಿ ಮರಳಿ ಬರುತ್ತದೆ. ಚಿಕಿತ್ಸೆಯ ಬಳಿಕವೂ ಉಳಿದ ಕ್ಯಾನ್ಸರ್ ಜೀವಕೋಶಗಳು ಮತ್ತೆ ಬೆಳೆಯುವುದೇ ಇದಕ್ಕೆ ಕಾರಣ. ಇದರಲ್ಲಿ ರೋಗಿಯ ತಪ್ಪಿಲ್ಲ. ಆಗ ಮನೆಯವರ ಚಿಂತೆ ಒಂದೇ: 'ಒಮ್ಮೆ ಕಾರ್ಡ್ ಬಳಸಿದ್ದೇವೆ, ಮತ್ತೆ ಸಿಗುತ್ತದೆಯೇ?'

ಸಿಗುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹಣದ ಮಿತಿ ಇರುವುದು ವರ್ಷಕ್ಕೆ, ಕಾಯಿಲೆಗಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಸಿಗುತ್ತದೆ. ಹಳೆಯ ಕಾಯಿಲೆ ಎಂದು ಹೊರಗಿಡುವುದಿಲ್ಲ.

ಕೊಣ್ಣೂರಿನವರು ಮೊದಲು ಗೋಕಾಕದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು, ಯೋಜನೆಗೆ ಸೇರಿದ ದೊಡ್ಡ ಆಸ್ಪತ್ರೆಗೆ ಹೋಗಬಹುದು. ರೇಷನ್ ಕಾರ್ಡ್, ಆಧಾರ್, ಹಳೆಯ ಬಯಾಪ್ಸಿ ವರದಿ, ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಅಲ್ಲಿನ ಆರೋಗ್ಯಮಿತ್ರರು ಮುಂದಿನ ಕೆಲಸಕ್ಕೆ ನೆರವಾಗುತ್ತಾರೆ.

ಖಾಸಗಿ ವಿಮೆ ಇದ್ದವರು ನವೀಕರಣ ತಪ್ಪಿಸಬಾರದು. ಹೊಸ ಪಾಲಿಸಿ ಮಾಡಿಸುವಾಗ ಹಳೆಯ ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಗೆಳೆಯರೇ, ಎಷ್ಟೋ ಮನೆಗಳಲ್ಲಿ ಅರ್ಜಿ ಓದಿ ತುಂಬುವವರು ನಾವೇ. ಕಾಗದಗಳನ್ನೆಲ್ಲ ಇಂದೇ ಒಂದು ಫೈಲಿನಲ್ಲಿ ಜೋಡಿಸಿಡೋಣ. ಹಣದ ಭಯಕ್ಕೆ ಯಾರ ಚಿಕಿತ್ಸೆಯೂ ನಡುವೆ ನಿಲ್ಲದಿರಲಿ.