ಎಳೆಯುತ್ತೆ ಸರಿ, ನಿಲ್ಲುತ್ತಾ? ಮಿನಿ ಟ್ರ್ಯಾಕ್ಟರ್‌ಗೆ ಹಳೇ ಟ್ರೇಲರ್ ಹೊಂದಿಸುವ ಮುನ್ನ

ಬೆಂಗಳೂರು ದಕ್ಷಿಣದ ಕಡೆ ಈಗ ಮಿನಿ ಟ್ರ್ಯಾಕ್ಟರ್‌ಗಳದ್ದೇ ಕಾಲ. ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ ಆಸುಪಾಸಿನಲ್ಲಿ ಜಮೀನು ತುಂಡು ತುಂಡಾಗಿದೆ. ಒಂದೆರಡು ಎಕರೆ ಸೊಪ್ಪು, ತರಕಾರಿ, ಹೂವು ಮಾಡೋರಿಗೆ 45 ಎಚ್‌ಪಿ ಟ್ರ್ಯಾಕ್ಟರ್ ಬೇಕಾಗಿಲ್ಲ. ಹಾಗಾಗಿ ದೊಡ್ಡದನ್ನು ಮಾರಿ 18ರಿಂದ 27 ಎಚ್‌ಪಿ ಒಳಗಿನ ಗಾಡಿ ತಗೊಳ್ತಾರೆ. ಆಮೇಲೆ ಬೆಳೆ ಸಾಗಿಸೋಕೆ ಟ್ರೇಲರ್ ಹುಡುಕುತ್ತಾರೆ. ಊರಲ್ಲಿ ಮಾರಾಟಕ್ಕೆ ಸಿಗುವ ಹಳೇ ಟ್ರೇಲರ್‌ಗಳೆಲ್ಲ ದೊಡ್ಡ ಟ್ರ್ಯಾಕ್ಟರ್‌ಗೆ ಅಂತ ಮಾಡಿಸಿದವು. ತೊಡಕು ಶುರುವಾಗೋದೇ ಇಲ್ಲಿ.

ನಾನಿರೋದು ಬನಶಂಕರಿಯಲ್ಲಿ, ಜಮೀನು ಕಗ್ಗಲೀಪುರದ ಹತ್ತಿರ. ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ 24 ಎಚ್‌ಪಿ ಗಾಡಿ ತಗೊಂಡ. ಅವರೆಕಾಯಿ ಸೀಸನ್ ಹತ್ತಿರ ಬಂದಿತ್ತು. ಸಾರಕ್ಕಿ ಮಾರುಕಟ್ಟೆಗೆ ಬಾಡಿಗೆ ಗಾಡಿಯಲ್ಲಿ ಹಾಕಿ ಕಳಿಸಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತೆ ಅನ್ನೋದು ಅವನ ಲೆಕ್ಕ. ಪಕ್ಕದೂರಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಎರಡು ಚಕ್ರದ ಟ್ರೇಲರ್ ಮಾರಾಟಕ್ಕಿತ್ತು. ‘ಅಣ್ಣ, ಕಟ್ಟಿ ನೋಡಿದೆ, ಸಲೀಸಾಗಿ ಎಳೆಯುತ್ತೆ. ಅಡ್ವಾನ್ಸ್ ಕೊಟ್ಟುಬಿಡ್ಲಾ?’ ಅಂತ ಫೋನ್ ಮಾಡಿದ. ಮೊದಲು ತೂಕ ಹಾಕಿಸು, ದುಡ್ಡು ಆಮೇಲೆ ಅಂದೆ.

ತೂಕದ ಚೀಟಿ ಇಲ್ಲದೆ ಮಾತಿಲ್ಲ

ವೇ ಬ್ರಿಡ್ಜ್‌ನಲ್ಲಿ ಎರಡು ಚೀಟಿ ಮಾಡಿಸಿದೆವು. ಟ್ರ್ಯಾಕ್ಟರ್, ಮೇಲೆ ಕೂತ ಡ್ರೈವರ್ ಸೇರಿ 900 ಕಿಲೋ. ಖಾಲಿ ಟ್ರೇಲರ್ 1,080 ಕಿಲೋ. ಒಂದು ಚೀಲವನ್ನೂ ಹಾಕುವ ಮೊದಲೇ ಹಿಂದಿನ ಗಾಡಿ ಮುಂದಿನದಕ್ಕಿಂತ ಭಾರ! 45 ಎಚ್‌ಪಿ ಟ್ರ್ಯಾಕ್ಟರ್ ತಾನೇ ಸುಮಾರು 2 ಟನ್ ತೂಗುತ್ತೆ, ಅದರ ಹಿಂದೆ ಈ ಟ್ರೇಲರ್ ಸರಿಯಾಗೇ ಇತ್ತು. ತಪ್ಪು ಟ್ರೇಲರ್‌ದಲ್ಲ, ಜೋಡಿಯದ್ದು.

ಎಂಜಿನ್ ಎಳೆಯುತ್ತೆ ಅನ್ನೋದರಲ್ಲಿ ಸುಳ್ಳಿಲ್ಲ. ಲೋ ಗೇರಿನಲ್ಲಿ ಸಣ್ಣ ಎಂಜಿನ್ನೂ ದೊಡ್ಡ ಭಾರ ಎಳೆಯುತ್ತೆ. ಆದರೆ ನಮ್ಮ ಕಡೆಯ ಬಹುತೇಕ ಹಳೇ ಟ್ರೇಲರ್‌ಗಳಿಗೆ ಬ್ರೇಕ್ ಇರಲ್ಲ. ಎರಡೂ ಗಾಡಿಯನ್ನು ನಿಲ್ಲಿಸೋದು ಟ್ರ್ಯಾಕ್ಟರ್‌ನ ಹಿಂದಿನ ಎರಡು ಚಕ್ರ ಮಾತ್ರ.

ಒಂದು ಅಂದಾಜು ಲೆಕ್ಕ ಹಾಕೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರ್ ಒಂದೇ ಹೋಗುವಾಗ ಬ್ರೇಕ್ ಒತ್ತಿದರೆ ಸುಮಾರು 4 ಮೀಟರ್‌ನಲ್ಲಿ ನಿಲ್ಲುತ್ತೆ ಅಂದ್ಕೊಳ್ಳಿ. ಅದರ ಹಿಂದೆ ಈ ಟ್ರೇಲರ್ ಕಟ್ಟಿ ಒಂದೂವರೆ ಟನ್ ಮಾಲು ತುಂಬಿದರೆ ಒಟ್ಟು ತೂಕ 3,480 ಕಿಲೋ, ಅಂದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಬ್ರೇಕ್ ಅದೇ, ಭಾರ ನಾಲ್ಕು ಪಟ್ಟು. ನಿಲ್ಲೋಕೆ 15 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಉರುಳುವ ಐದಾರು ಮೀಟರ್ ಬೇರೆ. ಸಿಗ್ನಲ್‌ನಲ್ಲಿ ಎದುರಿಗೆ ಸ್ಕೂಟರ್ ಬಂದರೆ ಅಷ್ಟು ಜಾಗ ಎಲ್ಲಿದೆ?

ಇದು ಸಮತಟ್ಟು ರಸ್ತೆಯ ಕಥೆ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಇಳಿಜಾರಿನಲ್ಲಿ 3,480 ಕಿಲೋ ಭಾರ ಕೆಳಕ್ಕೆ ಜಗ್ಗುವ ಬಲ ಸುಮಾರು 350 ಕಿಲೋ. ನಾವು ಲೆಕ್ಕಕ್ಕೆ ತಗೊಂಡ ಬ್ರೇಕ್ ತಡೆಯಬಲ್ಲದ್ದು 360 ಕಿಲೋ. ಗಾಡಿ ನಿಲ್ಲಿಸೋಕೆ ಉಳಿಯುವ ಬಲ ಹತ್ತು ಕಿಲೋ! ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರೆ ಅದೂ ಇಲ್ಲ. ಟ್ರೇಲರ್ ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತೆ. ಇಂಥ ಕಡೆ ಡ್ರೈವರ್‌ಗೆ ಎಷ್ಟೇ ಅನುಭವ ಇದ್ದರೂ ಕೈ ಮೀರುತ್ತೆ.

ನಿಮ್ಮ ದಾರಿಯ ಇಳಿಜಾರು ಎಷ್ಟಿದೆ ಅಂತ ಮೊಬೈಲ್‌ನಲ್ಲೇ ನೋಡಬಹುದು. ಮಟ್ಟ ಅಳೆಯುವ ಆ್ಯಪ್ ತೆರೆದು, ರಸ್ತೆ ಮೇಲೆ ಒಂದು ನೇರ ಹಲಗೆ ಇಟ್ಟು, ಅದರ ಮೇಲೆ ಫೋನ್ ಇಡಿ. ಸುಮಾರು 6 ಡಿಗ್ರಿ ತೋರಿಸಿದರೆ ಅದೇ ಹತ್ತಕ್ಕೆ ಒಂದು ಇಳಿಜಾರು. ಮೇನ್ ರೋಡ್ ಮಾತ್ರ ಅಲ್ಲ, ಹೊಲದಿಂದ ರಸ್ತೆಗೆ ಹತ್ತುವ ಜಾಗ, ಕೆರೆ ಏರಿಯಿಂದ ಇಳಿಯುವ ಜಾಗ, ಬಡಾವಣೆಯ ಒಳರಸ್ತೆ ಎಲ್ಲ ಅಳೆಯಿರಿ.

ಒಂದೂವರೆ ಪಟ್ಟಿನ ಲೆಕ್ಕ

ಅಂತರರಾಷ್ಟ್ರೀಯ ಟ್ರ್ಯಾಕ್ಟರ್ ಕಂಪನಿಗಳ ಕೈಪಿಡಿಗಳಲ್ಲಿ ಒಂದು ಎಚ್ಚರಿಕೆ ಮತ್ತೆ ಮತ್ತೆ ಬರುತ್ತೆ. ಬ್ರೇಕ್ ಇಲ್ಲದ ಟ್ರೇಲರ್ ಮಾಲಿನ ಸಮೇತ ಟ್ರ್ಯಾಕ್ಟರ್ ತೂಕದ ಒಂದೂವರೆ ಪಟ್ಟು ಮೀರಬಾರದು, ವೇಗ ಗಂಟೆಗೆ 32 ಕಿ.ಮೀ. ದಾಟಬಾರದು. ನಮ್ಮ ಲೆಕ್ಕಕ್ಕೆ ಅದನ್ನೇ ಹಿಡಿದೆವು. 900 ಕಿಲೋಗೆ ಒಂದೂವರೆ ಪಟ್ಟು ಅಂದರೆ 1,350 ಕಿಲೋ. ಅದರಲ್ಲಿ ಖಾಲಿ ಟ್ರೇಲರ್ 1,080 ಕಳೆದರೆ ಮಾಲಿಗೆ ಉಳಿಯೋದು 270 ಕಿಲೋ. ಅಷ್ಟಕ್ಕೆ ಟ್ರೇಲರ್ ಯಾಕೆ, ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಮೂರ್ನಾಲ್ಕು ಟ್ರಿಪ್ ಹೊಡೀಬಹುದು ಅಂತ ಅವನೇ ನಕ್ಕ. ಆ ಟ್ರೇಲರ್ ಅಲ್ಲಿಗೇ ಬಿಟ್ಟೆವು.

ಏರಿಳಿತ ಇರುವ ದಾರಿಗೆ ನಾನು ಇನ್ನೂ ಬಿಗಿ ಹಿಡೀತೀನಿ: ಟ್ರೇಲರ್ ಮತ್ತು ಮಾಲು ಸೇರಿ ಟ್ರ್ಯಾಕ್ಟರ್ ತೂಕಕ್ಕಿಂತ ಹೆಚ್ಚಾಗಬಾರದು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಕೊಟ್ಟಿದ್ದರೆ ಕೈಪಿಡಿ ಹೇಳಿದ್ದೇ ಅಂತಿಮ.

ಏನು ತುಂಬ್ತೀರಿ ಅನ್ನೋದನ್ನೂ ನೋಡಬೇಕು. 10×6 ಅಡಿಯ ಡಬ್ಬಕ್ಕೆ ಒಂದೂವರೆ ಅಡಿ ಎತ್ತರ ಸಿಪ್ಪೆ ಸಮೇತ ಕಡಲೆಕಾಯಿ ತುಂಬಿದರೆ ಮುಕ್ಕಾಲು ಟನ್ ಆಸುಪಾಸು. ಅಷ್ಟೇ ಎತ್ತರಕ್ಕೆ ಕೊಟ್ಟಿಗೆ ಗೊಬ್ಬರ ಎರಡು ಟನ್‌ವರೆಗೆ ಹೋಗುತ್ತೆ. ಒದ್ದೆ ಮಣ್ಣಾದರೆ ನಾಲ್ಕು ಟನ್. ಕಣ್ಣಿಗೆ ಮೂರೂ ಒಂದೇ ಲೋಡು!

ಮೂಕಿ ಭಾರ ಮರೀಬೇಡಿ

ಎತ್ತಿನ ಗಾಡಿ ಹೊಡೆದ ತಾತಂದಿರನ್ನು ಕೇಳಿ. ಮೂಕಿ ಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ, ಹಿಂದೆ ಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತೆ ಅಂತ ಹೇಳ್ತಾರೆ. ಎರಡು ಚಕ್ರದ ಟ್ರೇಲರ್‌ಗೂ ಅದೇ ಮಾತು. ಅಮೆರಿಕದಲ್ಲಿ ಪಿಕಪ್ ಹಿಂದೆ ಕುದುರೆ ಟ್ರೇಲರ್ ಕಟ್ಟುವವರು ಒಟ್ಟು ತೂಕದಲ್ಲಿ ಶೇ. 10ರಿಂದ 15 ಭಾಗ ಕೊಂಡಿಯ ಮೇಲೆ ಬರುವ ಹಾಗೆ ನೋಡ್ಕೊಳ್ತಾರೆ. 1,350 ಕಿಲೋ ಟ್ರೇಲರ್ ಆದರೆ 135ರಿಂದ 200 ಕಿಲೋ.

ಮೂಕಿ ಭಾರ ಹೆಚ್ಚಾದರೆ ಹಗುರ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ನೆಲ ಬಿಡೋಕೆ ಶುರುಮಾಡುತ್ತೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗಲ್ಲ. ಏರಿನಲ್ಲಿ ಕ್ಲಚ್ ಗಬಕ್ಕನೆ ಬಿಟ್ಟರೆ ಮುಂದಿನ ಭಾಗ ಎದ್ದು ಡ್ರೈವರ್ ಮೇಲೇ ಮಗುಚಬಹುದು. ಟ್ರೇಲರ್ ಕಟ್ಟಿದ ಮೇಲೂ ಟ್ರ್ಯಾಕ್ಟರ್ ತೂಕದ ಶೇ. 20 ಭಾಗ ಮುಂದಿನ ಚಕ್ರಗಳ ಮೇಲೆ ಇರಲೇಬೇಕು. ನಮ್ಮ 900 ಕಿಲೋ ಗಾಡಿಗೆ ಅದು 180 ಕಿಲೋ. ವೇ ಬ್ರಿಡ್ಜ್ ಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿದರೆ ತೂಕ ಗೊತ್ತಾಗುತ್ತೆ. ಕಡಿಮೆ ಬಂದರೆ ಮಾಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಇಲ್ಲವೇ ಕಂಪನಿಯ ಮುಂಭಾಗದ ವೆಯ್ಟ್ ಹಾಕಿಸಿ.

ಇನ್ನೊಂದು ಮಾತು. ದೊಡ್ಡ ಟ್ರ್ಯಾಕ್ಟರ್‌ನ ಕೊಂಡಿ ಎತ್ತರದಲ್ಲಿರುತ್ತೆ, ಮಿನಿಯದ್ದು ತಗ್ಗಿನಲ್ಲಿ. ಹಳೇ ಟ್ರೇಲರ್ ಕಟ್ಟಿದಾಗ ಮೂತಿ ಕೆಳಕ್ಕೆ ಬಾಗಿ ಮಾಲೆಲ್ಲ ಮುಂದಕ್ಕೆ ಒತ್ತುತ್ತೆ. ಎತ್ತರ ಹೊಂದಿಸೋಕೆ ಅಂತ ಕೆಲವರು ಟಾಪ್ ಲಿಂಕ್ ಜಾಗಕ್ಕೆ ಕೊಂಡಿ ಸಿಕ್ಕಿಸ್ತಾರೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ, ಗಾಡಿ ಹಿಂದಕ್ಕೆ ಮಗುಚೋಕೆ ಅದೇ ನೇರ ದಾರಿ. ಒಳ್ಳೆ ಫ್ಯಾಬ್ರಿಕೇಶನ್ ಶಾಪಿನಲ್ಲಿ ಟ್ರೇಲರ್‌ನ ಮೂತಿಯನ್ನೇ ಸರಿಯಾದ ಎತ್ತರಕ್ಕೆ ಮಾಡಿಸಿ.

ಹಸು, ಕುರಿ ಸಾಗಿಸ್ತೀರಾ? ಜೀವ ಇರುವ ಭಾರ ನಿಂತ ಕಡೆ ನಿಲ್ಲಲ್ಲ. ಎರಡು ಹಸು ಒಂದೇ ಕಡೆ ಸರಿದರೆ ಮೂಕಿ ಭಾರವೂ ಸರಿಯುತ್ತೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಸು, ಎಮ್ಮೆಗೆ ತಲಾ 2 ಚದರ ಮೀಟರ್, ಕುದುರೆಗೆ 2.25, ಕುರಿ-ಮೇಕೆಗೆ 0.3 ಚದರ ಮೀಟರ್ ಜಾಗ ಇರಬೇಕು, ನಡುವೆ ತಡಿಕೆ ಇರಬೇಕು. 10×6 ಅಡಿಯಲ್ಲಿ ಅಬ್ಬಬ್ಬಾ ಅಂದರೆ ಎರಡು ಹಸು.

ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2318 ಅಂದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಗುಂಡಿ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಬೇಡ.

ಹಬ್: ಜಾಕ್ ಕೊಟ್ಟು ಚಕ್ರ ಎತ್ತಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ತಿರುಗಿಸಿದಾಗ ಗರಗರ ಸದ್ದು ಬಂದರೂ ಅಷ್ಟೇ.

ಚಾಸಿ: ಹೊಸ ಬಣ್ಣ ನೋಡಿ ಮರುಳಾಗಬೇಡಿ. ಕೆಳಗೆ ಮಲಗಿ ಮೊಬೈಲ್ ಟಾರ್ಚ್ ಹಾಕಿ. ಮೂತಿ ಚಾಸಿಗೆ ಸೇರುವ ಜಾಗ ಮತ್ತು ಆಕ್ಸಲ್ ಕೂರುವ ಜಾಗದಲ್ಲಿ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದ್ದರೆ ಅಲ್ಲಿ ಒಮ್ಮೆ ಮುರಿದಿದೆ ಅಂತ ಅರ್ಥ.

ಕೊಂಡಿ: ಪಿನ್ನಿನ ಜಾಗಕ್ಕೆ ಕಬ್ಬಿಣದ ಸರಳು ಸಿಕ್ಕಿಸೋ ಅಭ್ಯಾಸ ಬಿಡಿ. ಸರಿಯಾದ ಪಿನ್, ಲಿಂಚ್ ಪಿನ್, ಜೊತೆಗೆ ಒಂದು ಸೇಫ್ಟಿ ಚೈನ್ ಇರಲಿ.

ದಾಖಲೆ: ಟ್ರೇಲರ್‌ಗೂ ಪ್ರತ್ಯೇಕ ಆರ್‌ಸಿ ಇರುತ್ತೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ, ಚಾಸಿ ಮೇಲಿನ ನಂಬರ್ ಜೊತೆ ತಾಳೆ ನೋಡಿ. ಖಾಲಿ ತೂಕ, ಒಟ್ಟು ತೂಕ ಆರ್‌ಸಿಯಲ್ಲೇ ಇರುತ್ತೆ. ಸಾಲ ಇದ್ದರೆ ಬ್ಯಾಂಕಿನಿಂದ ಫಾರಂ 35 ಕೇಳಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೆಎ-05 ಗಾಡಿಯಾದರೆ ಜಯನಗರ ಆರ್‌ಟಿಒ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ವಿಮೆ ಇಲ್ಲದೆ ರಸ್ತೆಗೆ ಇಳಿಸಬೇಡಿ.

ಕಡೆಗೆ ಕೊಂಡದ್ದು

ಮೂರು ವಾರ ಹುಡುಕಿದ ಮೇಲೆ 8×5 ಅಡಿಯ ಒಂದು ಹಳೇ ಟ್ರೇಲರ್ ಸಿಕ್ಕಿತು. ಖಾಲಿ ತೂಕ 460 ಕಿಲೋ. ಸಮತಟ್ಟು ದಾರಿಗೆ 890 ಕಿಲೋ, ಇಳಿಜಾರಿನ ದಾರಿಗೆ 440 ಕಿಲೋ ಮಾಲು ಹಾಕಬಹುದು. ಚೀಲಕ್ಕೆ 40 ಕಿಲೋ ಲೆಕ್ಕದಲ್ಲಿ ಒಂದಕ್ಕೆ 22, ಇನ್ನೊಂದಕ್ಕೆ 11. ಬೇರಿಂಗ್, ಟೈರ್ ಹೊಸದು ಹಾಕಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್, ಲೈಟ್ ಕೂರಿಸಿದೆವು. ಮಾರುಕಟ್ಟೆಗೆ ಕತ್ತಲಲ್ಲೇ ಹೊರಡಬೇಕು, ಹಿಂದಿನವರಿಗೆ ನಾವು ಕಾಣಬೇಕಲ್ಲ. ವರ್ಷಕ್ಕೆ ಎರಡು ಸಲ ಗೊಬ್ಬರ ಹೊಡೆಯೋಕೆ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ತರ್ತಾನೆ. ಕೃಷಿ ಯಂತ್ರಧಾರೆ ಕೇಂದ್ರ ಹತ್ತಿರ ಇರುವವರು ಅಲ್ಲೂ ವಿಚಾರಿಸಬಹುದು.

ಓಡಿಸುವಾಗ ಎರಡು ಬ್ರೇಕ್ ಪೆಡಲ್ ಲಾಕ್ ಮಾಡಿರಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತೋ ಇಳಿಯುವಾಗಲೂ ಅದೇ ಗೇರ್, ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು, ಮಡ್‌ಗಾರ್ಡ್ ಮೇಲೆ ಜನ ಕೂರಿಸೋದು ಬೇಡ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ. ಕನಕಪುರ, ಮಾಗಡಿ ಕಡೆಯಿಂದೆಲ್ಲ ಚೀಲ ಬರುತ್ತೆ. ‘ಇನ್ನು ನಾಲ್ಕು ಚೀಲ ಹಾಕು ಮಾರಾಯ, ಏನಾಗಲ್ಲ’ ಅನ್ನೋರು ಪ್ರತಿ ಊರಲ್ಲೂ ಇದ್ದಾರೆ. ಅದಕ್ಕೇ ನಮ್ಮ ಹುಡುಗ ಟ್ರೇಲರ್‌ನ ಮುಂದಿನ ಹಲಗೆ ಮೇಲೆ ಬಿಳಿ ಪೇಂಟ್‌ನಲ್ಲಿ ದಪ್ಪಗೆ ಬರೆದಿದ್ದಾನೆ: ‘ರಸ್ತೆ 22, ಇಳಿಜಾರು 11’. ಲೋಡ್ ಮಾಡೋರು ಅವನನ್ನು ಕೇಳೋದೇ ಇಲ್ಲ, ಹಲಗೆ ನೋಡಿ ನಿಲ್ಲಿಸ್ತಾರೆ. ನಿಮ್ಮ ಗಾಡಿಯ ಅಂಕಿ ಬೇರೆ ಇರುತ್ತೆ. ಈ ವಾರ ವೇ ಬ್ರಿಡ್ಜ್‌ಗೆ ಹೋಗಿ ಎರಡು ಚೀಟಿ ಮಾಡಿಸಿ, ಲೆಕ್ಕ ಹಾಕಿ, ಬರೆದುಬಿಡಿ.