ಹಾರ್ಟ್ ಚಿಕಿತ್ಸೆ ಆದ ಮೇಲೂ ಎದೆಬಡಿತ ತಪ್ಪಿದರೆ...

ಚಿಕಿತ್ಸೆ ಮಾಡಿಸಿ ಮನೆಗೆ ಬಂದ ಹದಿನೈದು ದಿನದಲ್ಲೇ ಎದೆ ಮತ್ತೆ ಡವಡವ ಅಂದರೆ, ಖರ್ಚು ಮಾಡಿದ್ದೆಲ್ಲ ನೀರುಪಾಲಾಯಿತು ಅಂತ ಮನೆಮಂದಿ ಹೆದರುತ್ತಾರೆ. ಅಷ್ಟು ಬೇಗ ತೀರ್ಮಾನ ಬೇಡ. ಬೈಪಾಸ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬಡಿತದ ಲಯ ತಪ್ಪುತ್ತದೆ, ಹೆಚ್ಚಾಗಿ 2ರಿಂದ 4ನೇ ದಿನದೊಳಗೆ. ಲಯ ಕೆಡಿಸುವ ಜಾಗವನ್ನು ಸುಡುವ ಅಬ್ಲೇಶನ್‌ನಲ್ಲಿ ಒಳಗಿನ ಗಾಯ ಒಣಗಲು 2-3 ತಿಂಗಳು ಬೇಕು. ಅಷ್ಟರೊಳಗೆ ಬಡಿತ ತಪ್ಪಿದ ಮಾತ್ರಕ್ಕೆ ಚಿಕಿತ್ಸೆ ಸೋತಿತು ಅಂತಲ್ಲ.

ಕುಂದುರ್ಪಿಯಂಥ ಊರಲ್ಲಿ ಅಂಗಡಿ ಇಟ್ಟುಕೊಂಡ ನಮ್ಮ ತೊಂದರೆ ಬೇರೆ. ಚಿಕಿತ್ಸೆ ಬೆಂಗಳೂರಿನ ಜಯದೇವದಲ್ಲೋ ಪುಟ್ಟಪರ್ತಿಯಲ್ಲೋ ಆಗಿರುತ್ತದೆ. ಅಲ್ಲಿಗೆ ಮುಟ್ಟುವಾಗ ಬಡಿತ ಸರಿಯಾಗಿ, ಇಸಿಜಿಯಲ್ಲಿ ಏನೂ ಕಾಣುವುದಿಲ್ಲ! ಹಾಗಾಗಿ ಬಡಿತ ತಪ್ಪಿರುವಾಗಲೇ ಹತ್ತಿರದಲ್ಲಿ, ಕಲ್ಯಾಣದುರ್ಗವಾದರೂ ಸರಿ, ಇಸಿಜಿ ತೆಗೆಸಿ ನಿಮ್ಮ ಡಾಕ್ಟರಿಗೆ ಫೋಟೊ ಕಳಿಸಿ. ಮಂಗಳೂರಿನ ಡಾ. ಪದ್ಮನಾಭ ಕಾಮತರು ಹಳ್ಳಿ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಡಿಸಿ ವಾಟ್ಸ್‌ಆ್ಯಪ್‌ನಲ್ಲೇ ಸಲಹೆ ಕೊಡುವುದನ್ನು ಊರಿನವರು ಬಲ್ಲರು. ಬಡಿತ ಶುರುವಾದ ಹೊತ್ತು, ಎಷ್ಟು ನಿಮಿಷ ಇತ್ತು, ನಾಡಿ ಎಷ್ಟು, ಇಷ್ಟನ್ನು ಸಾಲದ ಪುಸ್ತಕದ ಹಾಗೆ ಬರೆದಿಡಿ.

ಎದೆನೋವು, ತಲೆಸುತ್ತಿ ಬೀಳುವುದು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈಗೆ ಬಲ ಇಲ್ಲದಿರುವುದು ಕಂಡರೆ ಫೋಟೊಗೀಟೊ ಬೇಡ, 108ಕ್ಕೆ ಕರೆ ಮಾಡಿ.

ನನಗೆ ಹೆಚ್ಚು ಭಯ ಮಾತ್ರೆಯ ವಿಷಯದಲ್ಲಿ. ಬಡಿತ ಸರಿಹೋಯಿತಲ್ಲ ಅಂತ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ಬಿಟ್ಟುಬಿಡುತ್ತಾರೆ. ಲಯ ತಪ್ಪಿದ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಮಂಡಿನೋವಿಗೆ ಮೆಡಿಕಲ್‌ನಲ್ಲಿ ಕೇಳಿ ನುಂಗುವ ನೋವಿನ ಮಾತ್ರೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ರಂಝಾನ್ ಉಪವಾಸ ಹಿಡಿಯುವವರು ಮಾತ್ರೆಯ ಹೊತ್ತನ್ನು ತಿಂಗಳ ಮೊದಲೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.