ಲ್ಯಾಪ್‌ಟಾಪಿನಿಂದ ಟಿವಿಗೆ ವಯರ್ ಹಾಕಿದೊಡನೆ 'ಗುಂಯ್' ಎನ್ನುವ ಸದ್ದು: ಕಾರಣವೇನು, ಪರಿಹಾರವೇನು?

ತರಗತಿಯಲ್ಲಾಗಲಿ ಸಭಾಂಗಣದಲ್ಲಾಗಲಿ ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಜೋಡಿಸಿ ಪಾಠ, ಭಾಷಣ, ಕಿರುಚಿತ್ರಗಳನ್ನು ತೋರಿಸುವುದು ಈಗ ಸಾಮಾನ್ಯ ಸಂಗತಿ. ಚಿತ್ರವೇನೋ ಚೆನ್ನಾಗಿ ಬರುತ್ತದೆ. ಆದರೆ ಧ್ವನಿಗಾಗಿ ಹೆಡ್‌ಫೋನ್ ಸಾಕೆಟಿನಿಂದ ಟಿವಿಗೆ ಇನ್ನೊಂದು ವಯರ್ ಹಾಕಿದೊಡನೆ 'ಗುಂಯ್' ಎಂಬ ಸದ್ದು ಶುರುವಾಗುತ್ತದೆ. ಮಾತು ನಿಂತಾಗಲೂ ಅದು ನಿಲ್ಲುವುದಿಲ್ಲ. ಟಿವಿಯ ಧ್ವನಿ ಏರಿಸಿದರೆ ಅದೂ ಏರುತ್ತದೆ. ಹಿಂದಿನ ಬೆಂಚಿನ ಮಕ್ಕಳಿಗೆ ಪಾಠ ಕೇಳಿಸದೇ ಹೋಗುತ್ತದೆ. ಟಿವಿ ಕೆಟ್ಟಿದೆ, ಲ್ಯಾಪ್‌ಟಾಪ್ ಹಳೆಯದಾಗಿದೆ ಎಂದು ದೂರುವವರೇ ಹೆಚ್ಚು. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಅವುಗಳನ್ನು ಜೋಡಿಸಿದ ದಾರಿಯಲ್ಲಿ ಮತ್ತು ಕಟ್ಟಡದ ಅರ್ಥಿಂಗ್‌ನಲ್ಲಿ.

ಇದನ್ನು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳನ್ನು ಮುಂದಿಟ್ಟುಕೊಂಡು ವಿವರಿಸಲು ಕಾರಣವಿದೆ. ಈ ನಾಲ್ಕು ತಾಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಪಟ್ಟಿಯಲ್ಲಿ ಉಡುಪಿ, ದಕ್ಷಿಣ ಕನ್ನಡ ಎಲ್ಲಿವೆ ಎಂದು ಹುಡುಕುವ ನಮ್ಮ ಓದುಗರು ಅಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಇರುವುದನ್ನು ಕಂಡಿರಬಹುದು. 2020-21ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಪ್ರಸಾರವಾದವು. ಅವು ಯೂಟ್ಯೂಬಿನಲ್ಲಿಯೂ ದೊರೆತವು. ಅಂತಹ ಪಾಠಗಳನ್ನು ತರಗತಿಯ ಟಿವಿಯಲ್ಲಿ ತೋರಿಸುವಾಗ ಶಿಕ್ಷಕರ ಒಂದು ಮಾತೂ ಮಕ್ಕಳಿಗೆ ತಪ್ಪಬಾರದು. ಎರಡನೆಯ ಕಾರಣ ಅಲ್ಲಿನ ನೆಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಪಾವಗಡದಲ್ಲಿ ಆಗುವುದು ಐನೂರರಿಂದ ಆರುನೂರು ಮಿಲಿಮೀಟರ್ ಮಾತ್ರ. ಮಳೆಗೂ ಟಿವಿಯ ಸದ್ದಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಅದನ್ನು ಮುಂದೆ ನೋಡೋಣ.

ಮೊದಲು ಸದ್ದಿನ ಮೂಲ. ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟಿನದು, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವಂಥದ್ದು. ಕೇಳಿಸುವ ಗುಂಯ್ ಸದ್ದು ಈ 50ರದ್ದು ಮತ್ತು ಅದರ ಗುಣಕಗಳಾದ 100, 150ರದ್ದು. ಅಂದರೆ ಗೋಡೆಯ ಕರೆಂಟೇ ಹೇಗೋ ಧ್ವನಿಯ ವಯರಿನೊಳಗೆ ನುಸುಳಿದೆ ಎಂದು ಅರ್ಥ. ಹೆಡ್‌ಫೋನ್ ಪಿನ್ನನ್ನು ಗಮನಿಸಿ ನೋಡಿ. ಕಪ್ಪು ಗೆರೆಗಳಿಂದ ಬೇರ್ಪಟ್ಟ ಮೂರು ಭಾಗಗಳಿರುತ್ತವೆ. ತುದಿಯದು ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡದ ಉದ್ದ ಭಾಗ ಎರಡಕ್ಕೂ ಸೇರಿದ ವಾಪಸು ದಾರಿ. ಈ ವಾಪಸು ದಾರಿ ಒಂದು ತುದಿಯಲ್ಲಿ ಲ್ಯಾಪ್‌ಟಾಪಿನ ಲೋಹದ ಚೌಕಟ್ಟಿಗೂ ಇನ್ನೊಂದು ತುದಿಯಲ್ಲಿ ಟಿವಿಯ ಚೌಕಟ್ಟಿಗೂ ಸೇರಿರುತ್ತದೆ.

ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿನದಾದರೆ ಅದರ ಚೌಕಟ್ಟು ಗೋಡೆಯ ಅರ್ಥಿಗೆ ಸೇರಿತು. ಟಿವಿಗೆ ಸಾಮಾನ್ಯವಾಗಿ ಎರಡೇ ಪಿನ್ನು. ಆದರೆ ಸೆಟ್‌ಟಾಪ್ ಬಾಕ್ಸಿನ ಮೂಲಕ ಕೇಬಲ್ ಅಥವಾ ಡಿಶ್ ವಯರ್ ಅದಕ್ಕೆ ತಗಲಿಕೊಂಡಿರುತ್ತದೆ. ಆ ವಯರಿನ ಹೊರಗಿನ ಜಾಲರಿ ತಾರಸಿಯ ಕಬ್ಬಿಣದ ಕಂಬದಲ್ಲೋ ಬೀದಿಯ ಕೇಬಲ್ ಲೈನಿನಲ್ಲೋ ಬೇರೆ ಕಡೆ ನೆಲ ಮುಟ್ಟಿರುತ್ತದೆ. ಹೀಗೆ ಎರಡು ಅರ್ಥ್ ಆದವು. ಎರಡು ತೊಟ್ಟಿಗಳಲ್ಲಿ ನೀರಿನ ಮಟ್ಟ ಒಂದೇ ಇಲ್ಲದಿದ್ದರೆ ನಡುವೆ ಪೈಪು ಹಾಕಿದೊಡನೆ ನೀರು ಹರಿಯುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಎರಡು ಅರ್ಥ್‌ಗಳ ಮಟ್ಟದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ನಾವು ಹಾಕಿದ ತೆಳು ಧ್ವನಿ ವಯರೇ ಪೈಪಾಗಿ ಬಿಡುತ್ತದೆ. ಹೆಡ್‌ಫೋನ್ ಸಾಕೆಟಿನಿಂದ ಬರುವ ಧ್ವನಿಯೇ ಒಂದು ವೋಲ್ಟಿನ ಆಸುಪಾಸಿನದು. ಅದರೊಂದಿಗೆ ವೋಲ್ಟಿನ ಸಾವಿರದ ಕೆಲವೇ ಭಾಗದಷ್ಟು ಕರೆಂಟು ಸೇರಿಕೊಂಡರೂ ಟಿವಿ ಎರಡನ್ನೂ ಒಟ್ಟಿಗೆ ದೊಡ್ಡದು ಮಾಡಿ ಕೇಳಿಸುತ್ತದೆ. ತಂತ್ರಜ್ಞರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಪತ್ತೆ ಮಾಡುವುದಕ್ಕೆ ಯಾವ ಉಪಕರಣವೂ ಬೇಡ. ಸದ್ದು ಬರುತ್ತಿರುವಾಗಲೇ ಲ್ಯಾಪ್‌ಟಾಪಿನಿಂದ ಚಾರ್ಜರ್ ಪಿನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿ. ಸದ್ದು ತಟ್ಟನೆ ನಿಂತರೆ ಕರೆಂಟಿನ ಒಂದು ದಾರಿ ಚಾರ್ಜರ್ ಎಂದು ಖಚಿತವಾಯಿತು. ಮುಕ್ಕಾಲು ಗಂಟೆಯ ಪಾಠವಾದರೆ, ಬ್ಯಾಟರಿ ಚೆನ್ನಾಗಿದ್ದರೆ, ಪರಿಹಾರವೂ ಅದುವೇ. ತರಗತಿಗೆ ಮೊದಲು ಪೂರ್ತಿ ಚಾರ್ಜ್ ಮಾಡಿಟ್ಟರಾಯಿತು. ಬಳಿಕ ಚಾರ್ಜರ್ ಮರಳಿ ಹಾಕಿ, ಸೆಟ್‌ಟಾಪ್ ಬಾಕ್ಸಿನಿಂದ ಡಿಶ್ ಅಥವಾ ಕೇಬಲ್ ವಯರನ್ನು ತಿರುಗಿಸಿ ತೆಗೆಯಿರಿ. ಬಾಕ್ಸಿನ ಸ್ವಿಚ್ ಆರಿಸಿದರೆ ಸಾಲದು, ವಯರೇ ಬಿಡಿಸಿಕೊಳ್ಳಬೇಕು. ಈಗ ಸದ್ದು ನಿಂತರೆ ಎರಡನೆಯ ದಾರಿಯೂ ಗೊತ್ತಾಯಿತು. ಪಾಠದ ಹೊತ್ತಿಗೆ ಡಿಶ್ ವಯರ್ ತೆಗೆದಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಧ್ವನಿ ವಯರನ್ನು ಅಲುಗಾಡಿಸಿದಾಗ ಮಾತ್ರ ಕರಕರ ಎಂದರೆ ಅದು ಬೇರೆ ರೋಗ. ವಯರ್ ಸವೆದಿದೆ, ಹೊಸದು ತನ್ನಿ. ಲ್ಯಾಪ್‌ಟಾಪಿನ ಲೋಹದ ಭಾಗವನ್ನು ಕೈಯಲ್ಲಿ ಮುಟ್ಟಿದಾಗ ಸದ್ದು ಬದಲಾದರೆ, ಅಥವಾ ಬೆರಳಿಗೆ ಜುಮ್ ಎಂದರೆ, ಅದು ಲೂಪಿಗಿಂತಲೂ ಗಂಭೀರವಾದ ಸೂಚನೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸುಲಭ ಪರಿಹಾರಗಳಲ್ಲಿ ಮೊದಲನೆಯದು ಎಚ್‌ಡಿಎಂಐ ಕೇಬಲ್. 1987ರಲ್ಲಿ ಬಂದ ವಿಜಿಎ ಜೋಡಣೆಯಲ್ಲಿ ಚಿತ್ರ ಮಾತ್ರ ಹೋಗುತ್ತದೆ. ಧ್ವನಿಗೆ ಬೇರೆ ವಯರ್ ಬೇಕು, ಅಲ್ಲಿಂದಲೇ ಈ ಪೀಡೆ ಆರಂಭ. (ವಿಜಿಎ ಚಿತ್ರದಲ್ಲಿ ಮಂಕಾದ ಪಟ್ಟಿಗಳು ನಿಧಾನವಾಗಿ ಸರಿಯುತ್ತಿದ್ದರೆ ಅದೂ ಇದೇ ಲೂಪಿನ ಕೆಲಸ.) 2002ರ ಕೊನೆಯಲ್ಲಿ ರೂಪುಗೊಂಡ ಎಚ್‌ಡಿಎಂಐಯಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳ ರೂಪದಲ್ಲಿ ಒಟ್ಟಿಗೇ ಸಾಗುವುದರಿಂದ ಗುಂಯ್ ಸದ್ದು ಅದರೊಳಗೆ ಬೆರೆಯಲಾರದು. ಎಷ್ಟೋ ಕಡೆ ಎಚ್‌ಡಿಎಂಐ ಹಾಕಿದ ಮೇಲೂ ಅಭ್ಯಾಸಬಲದಿಂದ ಧ್ವನಿ ವಯರನ್ನು ಹಾಗೆಯೇ ಬಿಟ್ಟಿರುತ್ತಾರೆ. ಅದನ್ನು ತೆಗೆದು, ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಟಿವಿಯ ಹೆಸರು ಆರಿಸಿದರೆ ಸಾಕು. ಆದರೆ ಟಿವಿಯಿಂದ ಮತ್ತೆ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ವಯರ್ ಎಳೆದರೆ ಅಲ್ಲಿ ಹೊಸ ಲೂಪ್ ಹುಟ್ಟಬಹುದು. ಚರ್ಚ್ ಸಭಾಂಗಣಗಳಲ್ಲಿ ಲ್ಯಾಪ್‌ಟಾಪ್ ವೇದಿಕೆಯ ಮೇಲಿದ್ದು ಆಂಪ್ಲಿಫೈಯರ್ ಹಿಂಬದಿಯ ಕೋಣೆಯಲ್ಲಿದ್ದಾಗ ಇಂತಹ ತೊಂದರೆಗೆ ಅವಕಾಶ ಹೆಚ್ಚು.

ಎರಡನೆಯದು ಖರ್ಚಿಲ್ಲದ ಉಪಾಯ. ಟಿವಿ, ಚಾರ್ಜರ್, ಆಂಪ್ಲಿಫೈಯರ್ ಎಲ್ಲವನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು. ಆಗ ಎಲ್ಲದರ ಅರ್ಥ್ ಮಟ್ಟ ಬಹುತೇಕ ಒಂದೇ ಆಗುತ್ತದೆ. ಜೊತೆಗೆ ಲ್ಯಾಪ್‌ಟಾಪಿನ ಧ್ವನಿಯನ್ನು ಮುಕ್ಕಾಲಿಗಿಂತ ಮೇಲೆ ಇಟ್ಟು ಟಿವಿಯ ಧ್ವನಿಯನ್ನು ತಗ್ಗಿಸಿ. ಲ್ಯಾಪ್‌ಟಾಪಿನಲ್ಲಿ ಕಡಿಮೆ, ಟಿವಿಯಲ್ಲಿ ಜಾಸ್ತಿ ಇಟ್ಟರೆ ಮಾತಿಗಿಂತ ಗುಂಯ್ ಸದ್ದೇ ಮುಂದೆ ಬರುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಕೆಲವು ನೂರು ರೂಪಾಯಿ ಬೆಲೆ. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರುಗಳು, ಎಡಕ್ಕೊಂದು ಬಲಕ್ಕೊಂದು. ಧ್ವನಿ ಅಯಸ್ಕಾಂತದ ಮೂಲಕ ದಾಟುತ್ತದೆ, ಆದರೆ ಎರಡು ಬದಿಗಳ ತಾಮ್ರ ಒಂದನ್ನೊಂದು ಮುಟ್ಟುವುದಿಲ್ಲ. ಪೈಪು ತುಂಡಾಯಿತು, ಹರಿವು ನಿಂತಿತು. ಅಗ್ಗದ ಡಬ್ಬಿಗಳಲ್ಲಿ ತಬಲಾ, ಡ್ರಮ್ಮಿನ ತಗ್ಗು ಧ್ವನಿ ಸ್ವಲ್ಪ ಸೊರಗುತ್ತದೆ. ಪಾಠದ ಮಾತಿಗೆ ಅದರಿಂದ ತೊಂದರೆಯಿಲ್ಲ. ಬ್ಲೂಟೂತ್ ಸ್ಪೀಕರ್ ಬಳಸಿದರೂ ವಯರಿನ ಸಂಬಂಧ ತಪ್ಪುತ್ತದೆಯಾದರೂ ಧ್ವನಿ ಚಿತ್ರಕ್ಕಿಂತ ಕೊಂಚ ಹಿಂದೆ ಬೀಳಬಹುದು.

ಈಗ ಮಾಡಬಾರದ ಕೆಲಸದ ಬಗ್ಗೆ. ಲೂಪಿನ ವಿಷಯ ಅರೆಬರೆ ಗೊತ್ತಿರುವವರು ಕೊಡುವ ಸಲಹೆ ಒಂದಿದೆ: "ಚಾರ್ಜರಿನ ಮೂರನೆಯ ಪಿನ್ನು ಮುರಿದು ಹಾಕಿ, ಸದ್ದು ಹೋಗುತ್ತದೆ." ಸದ್ದು ಹೋಗುವುದು ನಿಜ. ಆದರೆ ಮೂರು ಪಿನ್ನುಗಳಲ್ಲಿ ಅರ್ಥ್ ಪಿನ್ನು ಮಾತ್ರ ಉದ್ದವೂ ದಪ್ಪವೂ ಆಗಿರುವುದು ಸುಮ್ಮನೆ ಅಲ್ಲ. ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ತಗಲಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಒಳಗೆ ಏನಾದರೂ ಕೆಟ್ಟು ಹೊರಗಿನ ಲೋಹಕ್ಕೆ ಕರೆಂಟು ಬಂದರೆ ಅದನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸುವ ದಾರಿ ಅದುವೇ. ಆ ಪಿನ್ನಿಲ್ಲದಿದ್ದರೆ ನೆಲಕ್ಕೆ ದಾರಿಯಾಗುವುದು ಮುಟ್ಟಿದ ವ್ಯಕ್ತಿಯ ದೇಹ. ಶಾಲೆಯಲ್ಲಿ ಅದು ಬರಿಗಾಲಿನಲ್ಲಿ ನಿಂತ ಮಗುವಾಗಿರಬಹುದು. ಆಂಪ್ಲಿಫೈಯರಿನ ಪಿನ್ನು ಮುರಿಯುವುದಂತೂ ಇನ್ನೂ ಅಪಾಯ, ಏಕೆಂದರೆ ಅದಕ್ಕೆ ಸೇರಿದ ಲೋಹದ ಮೈಕು ಮಾತನಾಡುವವರ ಕೈಯಲ್ಲಿ, ತುಟಿಯ ಹತ್ತಿರವೇ ಇರುತ್ತದೆ.

ಇದರಷ್ಟೇ ತಪ್ಪಾದ ಇನ್ನೊಂದು ಸಲಹೆ, ಮೈಕ್ ಸೆಟ್ಟಿಗೆಂದು ಕಿಟಕಿಯ ಹೊರಗೆ ಪ್ರತ್ಯೇಕ ಕಬ್ಬಿಣದ ಸರಳು ನೆಟ್ಟು ಅರ್ಥ್ ಕೊಡುವುದು. ಎರಡು ಅರ್ಥ್‌ಗಳಿಂದ ಹುಟ್ಟಿದ ರೋಗಕ್ಕೆ ಮೂರನೆಯ ಅರ್ಥ್ ಮದ್ದಾಗಲಾರದು. ಸಿಡಿಲು ಬಡಿದಾಗ ಇಂತಹ ಬೇರೆ ಬೇರೆ ಅರ್ಥ್‌ಗಳ ನಡುವೆ ದೊಡ್ಡ ವೋಲ್ಟೇಜ್ ಏಳುವುದರಿಂದ ಉಪಕರಣಗಳು ಸುಡುವ ಸಂಭವವೂ ಇದೆ.

ಇನ್ನು ಬೆರಳಿಗೆ ಜುಮ್ ಎನ್ನುವ ವಿಚಾರ. ಲ್ಯಾಪ್‌ಟಾಪ್ ಚಾರ್ಜರಿನೊಳಗೆ ರೇಡಿಯೋ ಅಡಚಣೆ ತಡೆಯಲು ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳ ಮೂಲಕ ಒಂದು ಮಿಲಿಆಂಪಿಯರಿಗೂ ಕಡಿಮೆ ಕರೆಂಟು ಸದಾ ಸೋರುತ್ತಿರುತ್ತದೆ. ಅರ್ಥ್ ಸರಿಯಿದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಸ್ವಲ್ಪ ಜುಮ್ ಎನ್ನುವುದು ಸಹಜ. ಆದರೆ ಮೂರು ಪಿನ್ನಿನ ಚಾರ್ಜರ್ ಹಾಕಿದಾಗಲೂ ಜುಮ್ ಎಂದರೆ ಆ ಸಾಕೆಟಿನಲ್ಲಿ ಅರ್ಥ್ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ. ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ವಯರ್ ಇದೆ ಎಂದು ನಂಬುವಂತಿಲ್ಲ. ಕರೆಂಟಿನ ತೂತಿಗೂ ಅರ್ಥ್ ತೂತಿಗೂ ನಡುವೆ ಬಲ್ಬು ಹಾಕಿ ಅದು ಪೂರ್ತಿ ಬೆಳಗುತ್ತದೆಯೇ ಮಂಕಾಗಿದೆಯೇ ಎಂದು ವಯರ್‌ಮ್ಯಾನ್ ನೋಡಿ ಹೇಳಬಲ್ಲರು. ಇದನ್ನು ಅವರೇ ಮಾಡಬೇಕು, ನಾವು ಕೈಹಾಕಬಾರದು.

ಮಳೆಯ ಸಂಬಂಧ ಇರುವುದು ಇಲ್ಲಿಯೇ. ಅರ್ಥ್ ಎಂದರೆ ಕೊನೆಗೆ ಕಟ್ಟಡದ ಪಕ್ಕ ನೆಲದಲ್ಲಿ ಹೂತ ಒಂದು ಕಬ್ಬಿಣದ ಪೈಪು. ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದ, ಸುತ್ತಲೂ ಇದ್ದಿಲು ಮತ್ತು ಉಪ್ಪು. ಭಾರತೀಯ ಮಾನಕ ಬ್ಯೂರೋದ ಐಎಸ್ 3043 ಎಂಬ ಕಟ್ಟಳೆ ಇದರ ಬಗ್ಗೆಯೇ ಇದೆ. ಇದ್ದಿಲು ನೀರು ಹಿಡಿದಿಡುತ್ತದೆ, ಉಪ್ಪು ಆ ನೀರಿನಲ್ಲಿ ಕರೆಂಟು ಸರಾಗವಾಗಿ ಹರಿಯುವಂತೆ ಮಾಡುತ್ತದೆ. ನೀರೇ ಇಲ್ಲದಿದ್ದರೆ ಎರಡೂ ನಿರರ್ಥಕ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಯಾರೂ ಕೇಳದೆಯೇ ಗುಂಡಿ ನೆನೆಯುತ್ತದೆ. ಬಯಲುಸೀಮೆಯಲ್ಲಿ ಹಾಗಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನೆಲೆಯಾಗಲು ಕಾರಣವಾದ ಅದೇ ಬಿಸಿಲು ಮತ್ತು ಒಣ ಹವೆ ಶಾಲೆಯ ಅರ್ಥ್ ಗುಂಡಿಯನ್ನೂ ಒಣಗಿಸುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಅಲ್ಲಿನ ಬಂಡೆಯ ಪರಿಚಯವಿದೆ. ಕೆಲವೇ ಅಡಿ ಅಗೆದಾಗ ಕಲ್ಲು ಸಿಗುವ ಜಾಗದಲ್ಲಿ ಉದ್ದ ಪೈಪು ಇಳಿಯುವುದಿಲ್ಲ. ಕಬ್ಬಿಣದ ಪಟ್ಟಿಯನ್ನು ಅಡ್ಡಡ್ಡವಾಗಿ ಹೂಳಬೇಕಾಗುತ್ತದೆ. ಇನ್ನೂ ಒಂದು ಮಾತು: ನೆಲ ತೀರಾ ಒಣಗುವುದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಪುನರಾವರ್ತನೆ ಪಾಠಗಳು ಭರದಿಂದ ನಡೆಯುವುದೂ ಆಗಲೇ. ಮಳೆಗಾಲದಲ್ಲಿ ಇಲ್ಲದ ಗುಂಯ್ ಸದ್ದು ಬೇಸಿಗೆಯಲ್ಲಿ ಕೇಳಿಬಂದರೆ ಮೊದಲು ಅನುಮಾನಿಸಬೇಕಾದದ್ದು ಗುಂಡಿಯನ್ನು.

ಹಳೆಯ ಕಟ್ಟಡದ ಪಕ್ಕ ಹೊಸ ಕೊಠಡಿಗಳು ಎದ್ದ ಶಾಲೆಗಳಲ್ಲಿ ಒಂದೊಂದಕ್ಕೂ ಬೇರೆ ಗುಂಡಿ ಇರುವುದುಂಟು. ಒಂದು ಒಣಗಿ ಇನ್ನೊಂದು ಹಸಿಯಾಗಿದ್ದರೆ ಎರಡರ ಮಟ್ಟ ಬೇರೆಯಾಗುತ್ತದೆ. ಆಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆದ ಧ್ವನಿ ವಯರ್ ಗುಂಯ್ ಎನ್ನದೆ ಬಿಡದು. ಎರಡು ಗುಂಡಿಗಳನ್ನು ದಪ್ಪ ಕಬ್ಬಿಣದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿಬಿಡುವುದು ವಯರ್‌ಮ್ಯಾನ್ ಮಾಡಬಹುದಾದ ಕೆಲಸ. ನಮ್ಮ ಕೈಯಲ್ಲಿರುವುದು ಗುಂಡಿಯ ಬಾಯಿ ಮುಚ್ಚಿ ಹೋಗದಂತೆ ನೋಡಿಕೊಂಡು ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೆರಡು ಕೊಡ ನೀರು ಹೊಯ್ಯುವುದು. ಕುಡಿಯುವ ನೀರೇ ಬೇಕೆಂದಿಲ್ಲ, ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಅತ್ತ ತಿರುಗಿಸಿದರೂ ಆದೀತು. ಜೊತೆಗೆ ಮೀಟರಿನ ಬಳಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟು ದಾರಿ ತಪ್ಪಿದೊಡನೆ ಅದು ಲೈನ್ ಕಡಿದು ಹಾಕುತ್ತದೆ.

ಕೊನೆಗೊಂದು ಬಗೆಯ ಸದ್ದು ಉಳಿಯಿತು. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಜರ್ ಎಂದು ಒರಟಾಗಿ ಕೇಳಿಬಂದರೆ ಅದಕ್ಕೆ ಅರ್ಥಿಂಗ್ ಹೊಣೆಯಲ್ಲ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟೇ ಒರಟು, ಫ್ಯಾನು ಕೂಡ ಅದರಲ್ಲಿ ಗುರುಗುಟ್ಟುತ್ತದೆ. ಆ ಹೊತ್ತಿಗೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ. ಮುಂದೆ ಇನ್ವರ್ಟರ್ ಬದಲಿಸುವಾಗ ಸೈನ್ ವೇವ್ ಎಂದು ಕೇಳಿ ತೆಗೆದುಕೊಳ್ಳಿ.